ಇಸಿಜಿಯಲ್ಲಿ ಎಲ್‌ಬಿಬಿಬಿ (ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್) ಅಂತ ಬಂದರೆ ಹಾರ್ಟ್ ವೀಕ್ ಅಂತಲೇ ಅರ್ಥವಾ? ಇದು ಯಾಕೆ ಬರುತ್ತದೆ?

ಹಾಗಂತಲೇ ಅಲ್ಲ. ನನಗೂ ಎಲ್‌ಬಿಬಿಬಿ ಇದೆ. ಹರ್ನಿಯಾ ಆಪರೇಷನ್‌ಗೆ ಮುಂಚೆ ಸುಮ್ನೆ ತೆಗೆದ ಇಸಿಜಿಯಲ್ಲಿ ಸಿಕ್ಕಿಬಿತ್ತು. ಅಲ್ಲಿವರೆಗೆ ಮೆಟ್ಟಿಲು ಹತ್ತಿದರೂ ಏನೂ ಆಗುತ್ತಿರಲಿಲ್ಲ.

ಎಲ್‌ಬಿಬಿಬಿ ಅಂದರೆ ಹೃದಯದ ಎಡಭಾಗಕ್ಕೆ ಕರೆಂಟ್ ಒಯ್ಯುವ ತಂತಿ ಕೈಕೊಟ್ಟಿದೆ ಅಂದುಕೊಳ್ಳಿ. ಕರೆಂಟ್ ಬಲಭಾಗದಿಂದ ಸ್ನಾಯು ದಾಟಿಕೊಂಡು ನಿಧಾನವಾಗಿ ಎಡಕ್ಕೆ ಬರುತ್ತದೆ. ನಿಮ್ಮ ಇಸಿಜಿ ಕಾಗದ ನೋಡಿ. ಸಾಮಾನ್ಯವಾಗಿ ಒಂದು ಚಿಕ್ಕ ಚೌಕ ಅಂದ್ರೆ 40 ಮಿಲಿಸೆಕೆಂಡ್. ಪ್ರತಿ ಬಡಿತಕ್ಕೂ ಸೂಜಿಯ ಹಾಗೆ ಚೂಪಾಗಿ ಬರಬೇಕಾದ ಗೆರೆ, ಅಂದರೆ ಕ್ಯೂಆರ್‌ಎಸ್, ಮೂರು ಚೌಕಕ್ಕೆ, ಅಂದರೆ 120ಕ್ಕೆ, ಹಿಗ್ಗಿರುತ್ತದೆ ಅಥವಾ ಇನ್ನೂ ಜಾಸ್ತಿ.

ಹೃದಯದ ಪಂಪ್ ಹೇಗಿದೆ ಅಂತ ಹೇಳುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ನನ್ನ ಎಕೋ ಮಾಡುವಾಗ ಸ್ಕ್ರೀನ್ ಕಾಣುತ್ತಿತ್ತು. ನಡುವಿನ ಗೋಡೆ ಮೊದಲು ಚಕ್ಕಂತ ಅಲುಗುತ್ತಿತ್ತು, ಆಚೆ ಗೋಡೆ ಆಮೇಲೆ ಒಳಗೆ ಬರುತ್ತಿತ್ತು. ಇಬ್ಬರು ಕಂಬಳಿ ಹಿಂಡುವಾಗ ಒಬ್ಬರು ಮೊದಲೇ ತಿರುಚಿದ ಹಾಗೆ. ಆದರೂ ಇಎಫ್, ಅಂದರೆ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ, 55 ಬಂತು. ಅದು ನಾರ್ಮಲ್. ನೀವೂ ಮೊದಲು ಆ ನಂಬರ್ ಕೇಳಿ.

ಕಾರಣಗಳಲ್ಲಿ ವರ್ಷಗಟ್ಟಲೆ ಇರುವ ಬಿಪಿ, ರಕ್ತನಾಳದ ಬ್ಲಾಕ್, ಹೃದಯದ ಸ್ನಾಯುವಿನ ಕಾಯಿಲೆ, ಅಯೋರ್ಟಿಕ್ ವಾಲ್ವ್ ಕಿರಿದಾಗುವುದು ಮುಖ್ಯ. ಕೆಲವರಿಗೆ ವಯಸ್ಸಾದಂತೆ ತಂತಿಯೇ ಸವೆಯುತ್ತದೆ. ನನ್ನದು ಬಿಪಿಯಿಂದ ಅಂತ ಡಾಕ್ಟರ್ ಊಹೆ. ಮಾತ್ರೆ ನುಂಗದೆ ದಿನ ತಳ್ಳಿದ್ದು ನಾನೇ, ಯಾರನ್ನು ಬೈಯಲಿ?

ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಕಾಯಿಲೆಯಿಂದ ಎಲ್‌ಬಿಬಿಬಿ ಬರುವುದಷ್ಟೇ ಅಲ್ಲ, ಈ ಹಿಂದುಮುಂದಾದ ಬಡಿತವೇ ಕೆಲವರಲ್ಲಿ ಹೃದಯವನ್ನು ದಣಿಸಿ ಇಎಫ್ ಇಳಿಸುತ್ತದೆ. ಹಾಗಾಗಿ ಈಗ ಚೆನ್ನಾಗಿದ್ದರೂ ಎಕೋ ಆಗಾಗ ಮಾಡಿಸಬೇಕು. ಔಷಧಿ ತೆಗೆದುಕೊಂಡ ಮೇಲೂ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ಏದುಸಿರು, ಕ್ಯೂಆರ್‌ಎಸ್ 150 ಅಥವಾ ಜಾಸ್ತಿ ಇದ್ದರೆ ಸಿಆರ್‌ಟಿ ಎಂಬ ಪೇಸ್‌ಮೇಕರ್ ಹಾಕುತ್ತಾರೆ. ಅದು ಎರಡೂ ಗೋಡೆಗಳನ್ನು ಮತ್ತೆ ಒಟ್ಟಿಗೆ ಹಿಂಡಿಸುತ್ತದೆ.

ರಕ್ತನಾಳದಲ್ಲಿ ಬ್ಲಾಕ್ ಇದೆಯಾ ನೋಡಲು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ ಒಂದೇ ಸಾಲದು. ಎಲ್‌ಬಿಬಿಬಿ ಇದ್ದಾಗ ಆ ಇಸಿಜಿಯನ್ನು ನಂಬುವ ಹಾಗಿಲ್ಲ. ಸಿಟಿ ಆಂಜಿಯೋ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಬಗ್ಗೆ ಕೇಳಿ. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.