ಮಠದ ಪ್ರಸಾದ ನಿಲಯ ಮತ್ತು ಅನುದಾನದ ಅರ್ಜಿ

ಓದುಗರ ಪತ್ರ: ಮಠಗಳ ಉಚಿತ ಪ್ರಸಾದ ನಿಲಯಗಳನ್ನು ಸಾಮಾಜಿಕ ಆವಿಷ್ಕಾರವೆಂದು ಅಧ್ಯಯನ ಮಾಡುವ ಆಸೆ. ಒಂದು ಕಡೆ ಹಾಕಿದ ಅರ್ಜಿ ವಾಪಸ್ ಬಂತು. ಈಗ ಐಸಿಎಸ್‌ಎಸ್‌ಆರ್‌ಗೆ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಹಾಕಬೇಕೆಂದಿದ್ದೇನೆ. ಕರಡು ಕಳಿಸಿದ್ದೇನೆ, ದಯವಿಟ್ಟು ನೋಡಿ. ವಿದೇಶಿ ಹಣಕ್ಕೂ ಪ್ರಯತ್ನಿಸಬಹುದೇ?
– ಸಮಾಜಶಾಸ್ತ್ರ ಅಧ್ಯಾಪಕಿ, ಧಾರವಾಡ

ಸಂಪಾದಕರ ಉತ್ತರ: ಮೇಡಂ, ನಿಮ್ಮ ಕರಡಿನ ಮೊದಲರ್ಧ ಮಠಗಳ ಅನ್ನ, ಅಕ್ಷರ ಸೇವೆಯ ವರ್ಣನೆ. ಅದರಲ್ಲಿ ಸುಳ್ಳೇನಿಲ್ಲ, ಆದರೆ ಅಭಿನಂದನ ಗ್ರಂಥಕ್ಕೆ ಹೊಂದುವ ಬರಹ ಅದು. ಪರಿಶೀಲಕರು ಹುಡುಕುವುದು ‘ಇಲ್ಲ’ ಎಂಬ ಉತ್ತರವೂ ಬರಬಹುದಾದ ಪ್ರಶ್ನೆಯನ್ನು. ದಾಸೋಹ ಹಳ್ಳಿ ಮಕ್ಕಳ ಬದುಕು ಬದಲಿಸಿತು ಎಂದು ಉದ್ದೇಶದಲ್ಲೇ ತೀರ್ಪು ಕೊಟ್ಟ ಮೇಲೆ ಸಂಶೋಧನೆಗೆ ಏನು ಉಳಿಯಿತು? ಹೀಗೆ ಕೇಳಿ: ಸರ್ಕಾರಿ ಹಾಸ್ಟೆಲುಗಳು ಬಂದ ಮೇಲೂ ಭಕ್ತರ ಕಾಳುಕಡಿಯ ಮೇಲೆ ನಡೆಯುವ ನಿಲಯ ಯಾಕೆ ಉಳಿಯಿತು, ಇನ್ನೊಂದು ಯಾಕೆ ಮುಚ್ಚಿತು? ಪೀಠಾಧಿಪತಿಗಳು ಬದಲಾದಾಗ ಪ್ರವೇಶದ ನಿಯಮವೂ ಬದಲಾಯಿತೇ? ಬೇರೆ ಜಾತಿಯ ಮಕ್ಕಳು ಯಾವಾಗಿನಿಂದ, ಎಷ್ಟು ಜನ ಸೇರಿದರು?

ತುಮಕೂರಿನ ಸಿದ್ಧಗಂಗಾ ಮಠ, ಧಾರವಾಡದ ಮುರುಘಾಮಠ ಎರಡನ್ನೇ ಆರಿಸಿದ್ದೀರಿ. ಎರಡೂ ಗೆದ್ದವು. ನಿಲಯ ನಡೆಸಿ ಕೈಬಿಟ್ಟ ಸಣ್ಣ ಮಠವೊಂದನ್ನು ಸೇರಿಸದಿದ್ದರೆ ಗೆದ್ದ ಕಾರಣವೂ ತಿಳಿಯುವುದಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ಗುರುವಂದನೆ ಸಮಾರಂಭಗಳಲ್ಲಿ ಹುಡುಕುತ್ತೇನೆ ಎಂದಿದ್ದೀರಿ. ಅಲ್ಲಿಗೆ ಬರುವವರು ನೌಕರಿ ಹಿಡಿದು ಮಠದ ಋಣ ನೆನೆಯುವವರು. ಅರ್ಧಕ್ಕೇ ಬಿಟ್ಟುಹೋದ ಹುಡುಗ ಬರುವುದಿಲ್ಲ. ಅದಕ್ಕೆ ದಾಖಲಾತಿ ರಿಜಿಸ್ಟರ್ ಹಿಡಿಯಿರಿ. 1985, 1995, 2005ರ ಪುಟಗಳಲ್ಲಿ ಪ್ರತಿ ಹತ್ತನೇ ಹೆಸರು ತೆಗೆದುಕೊಂಡು ಅವರನ್ನು ಪತ್ತೆ ಮಾಡಿ. ಸಿಗದವರೆಷ್ಟು ಎಂಬುದನ್ನೂ ವರದಿಯಲ್ಲಿ ಕೊಡುತ್ತೇನೆ ಎಂದು ಬರೆಯಿರಿ.

ರಿಜಿಸ್ಟರ್ ನೋಡಲು ಮಠದ ಲಿಖಿತ ಒಪ್ಪಿಗೆ ಅರ್ಜಿಯ ಜೊತೆಗೇ ಇರಲಿ, ಬಾಯಿಮಾತು ಸಾಲದು. ವರದಿಯನ್ನು ಮಠ ಮೊದಲು ನೋಡಿ ಒಪ್ಪಬೇಕೆಂಬ ಷರತ್ತು ಮಾತ್ರ ಅದರಲ್ಲಿ ನುಸುಳದಿರಲಿ. ನೀವು ಆ ಮಠದ ಭಕ್ತರಾಗಿದ್ದರೆ ಅದನ್ನೂ ತಿಳಿಸಿಬಿಡಿ. ಈಗ ಅಲ್ಲಿರುವ ಮಕ್ಕಳನ್ನು ಮಾತಾಡಿಸುವುದಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು, ಮಗುವಿನದೂ ಬೇಕು. ವಾರ್ಡನ್ ಸಹಿ ಹಾಕಿಸಿಕೊಂಡು ಬಂದರೆ ಆಗುವುದಿಲ್ಲ.

ಇನ್ನು ಲೆಕ್ಕ. ನಿಮ್ಮ ಕೆಲಸಕ್ಕೆ ಐಸಿಎಸ್‌ಎಸ್‌ಆರ್‌ನ ಕಿರು ಯೋಜನೆ ಸಾಕು. ಅದರ ಮಾರ್ಗಸೂಚಿಯಂತೆ ಸಿಬ್ಬಂದಿಗೆ ಶೇ. 45, ಕ್ಷೇತ್ರಕಾರ್ಯಕ್ಕೆ ಶೇ. 35, ಉಪಕರಣ ಮತ್ತು ಪುಸ್ತಕಕ್ಕೆ ಶೇ. 10 ಮೀರಬಾರದು. 6 ಲಕ್ಷ ಕೇಳಿದರೆ ಕ್ಷೇತ್ರಕಾರ್ಯಕ್ಕೆ ಸಿಗುವುದು 2.10 ಲಕ್ಷ; ನೀವು ಓಡಾಟಕ್ಕೇ 3.5 ಲಕ್ಷ ತೋರಿಸಿದ್ದೀರಿ. ಅರ್ಜಿ ಹಾಕುವ ವರ್ಷದ ಪ್ರಕಟಣೆಯ ಮಿತಿಗಳನ್ನು ನೋಡಿಯೇ ಅಂಕಿ ತುಂಬಿ. ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಖರ್ಚು ನಿಮ್ಮ ಪಟ್ಟಿಯಲ್ಲೇ ಇಲ್ಲ! ಒಂದು ಗಂಟೆಯ ಮಾತನ್ನು ಟೈಪ್ ಮಾಡಲು ಐದು ಗಂಟೆಯಾದರೂ ಬೇಕು. 60 ಸಂದರ್ಶನ ಎಂದರೆ 300 ಗಂಟೆ, ಅಂದರೆ ಒಬ್ಬರಿಗೆ ಸುಮಾರು ಎರಡು ತಿಂಗಳ ಕೆಲಸ. ಇದನ್ನು ಸಿಬ್ಬಂದಿ ಖರ್ಚಿನಡಿ ಸೇರಿಸಿ.

ಹಣ ಬರುವುದು ಕಾಲೇಜಿನ ಖಾತೆಗೆ, ಅದೂ ಕಂತಿನಲ್ಲಿ. ಪ್ರಾಂಶುಪಾಲರ ಪತ್ರ ಮಾತ್ರವಲ್ಲ, ಕಾಲೇಜಿನ ಲೆಕ್ಕದ ಗುಮಾಸ್ತರ ಸಹಕಾರವೂ ಬೇಕು: ಸರ್ಕಾರಿ ಹಣದ ಲೆಕ್ಕವಿಡುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ನೋಂದಣಿ, ಕೇಂದ್ರದ ಹಣಕಾಸು ನಿಯಮಾವಳಿಯ (ಜಿಎಫ್‌ಆರ್) 12–ಎ ನಮೂನೆಯ ಬಳಕೆ ಪ್ರಮಾಣಪತ್ರ ಅವರ ಮೇಜಿನಿಂದಲೇ ಬರಬೇಕು. ಅದು ತಡವಾದರೆ ಮುಂದಿನ ಕಂತೂ ತಡ.

ವಿದೇಶಿ ಪ್ರತಿಷ್ಠಾನದ ಹಣವನ್ನು ಕಾಲೇಜು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ನೋಂದಣಿ ಇರುವ ಮಠದ ಟ್ರಸ್ಟ್ ಮೂಲಕ ತರಿಸಿಕೊಳ್ಳುವ ನಿಮ್ಮ ಉಪಾಯ ನಡೆಯುವುದಿಲ್ಲ: ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ನಡೆಯುವಂತಿದ್ದರೂ, ನೀವು ಪರೀಕ್ಷಿಸಬೇಕಾದ ಮಠದ ಕೈಯಿಂದಲೇ ಸಂಶೋಧನೆಯ ಹಣ ಪಡೆದಂತಾಗುತ್ತಿತ್ತು.