‘ತಿಥಿ’: ಗಡ್ಡಪ್ಪನನ್ನು ಅರ್ಧಕ್ಕೇ ಬಿಡಬೇಡಿ

ನಮಸ್ಕಾರ. ಮನೆಯಲ್ಲಿ ‘ತಿಥಿ’ ಸಿನಿಮಾ ಹಾಕಿದರೆ ಮಾತು ಸರಿಯಾಗಿ ಕೇಳಿಸಲಿಲ್ಲ, ಅದರಲ್ಲಿನ ಮುದುಕ ಗಡ್ಡಪ್ಪ ಬರೀ ಅಲೆಯುತ್ತಾನೆ, ಅರ್ಧಕ್ಕೇ ನಿಲ್ಲಿಸಿದೆ, ಇನ್ನೊಮ್ಮೆ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಿ, ಆದರೆ ಮೊದಲು ಟಿವಿ ಸರಿಮಾಡಿಕೊಳ್ಳಿ.

ಆಡಿಯೊ 5.1ರಲ್ಲಿದ್ದರೆ (ಸುತ್ತಲೂ ಹಲವು ಸ್ಪೀಕರ್ ಇಡುವವರಿಗಾಗಿ ಮಾಡಿದ ಧ್ವನಿ) ಎರಡು ಸ್ಪೀಕರಿನ ಸ್ಟೀರಿಯೊಗೆ ಬದಲಿಸಿ. ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ, ಟಿವಿಯ ಎರಡೇ ಸ್ಪೀಕರ್‌ಗೆ ಇಳಿಸುವಾಗ ಅದೇ ಮಂಕಾಗುವುದು. ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಟಿವಿಯ ಈ ಸೆಟ್ಟಿಂಗ್ ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಇಲ್ಲದ ಫ್ರೇಮ್ ತುರುಕಿ ಧಾರಾವಾಹಿಯ ಕಳೆ ತಂದುಬಿಡುತ್ತದೆ. ಮಂಡ್ಯದ ಮಾತು ಕಿವಿಗೆ ಹೊಂದಲು ಸ್ವಲ್ಪ ಹೊತ್ತು ಬೇಕು. ಅಷ್ಟಕ್ಕೇ ಇಂಗ್ಲಿಷ್ ಸಬ್‌ಟೈಟಲ್ ಹಾಕಬೇಡಿ, ಕಣ್ಣು ಕೆಳಗೇ ಉಳಿದು ಮುಖಗಳು ತಪ್ಪಿಹೋಗುತ್ತವೆ.

ಇನ್ನು ಗಡ್ಡಪ್ಪ. ಮಗ ತಮ್ಮಣ್ಣ ಜಮೀನು ಮಾರುವ ಆತುರದಲ್ಲಿ, ಅಪ್ಪ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಲು ಓಡಾಡುತ್ತಾನೆ. ಅಪ್ಪನಿಗೆ ಸಿಟ್ಟೂ ಇಲ್ಲ, ಆಸೆಯೂ ಇಲ್ಲ. ಇಷ್ಟು ನಿರಾಳ ಎಲ್ಲಿಂದ ಬಂತು ಅನ್ನುವುದೇ ಚಿತ್ರದ ತಿರುಳು ಅಂತ ನನ್ನ ಅನಿಸಿಕೆ. ಪಾತ್ರಧಾರಿಗಳು ಹಳ್ಳಿಯವರೇ, ವೃತ್ತಿನಟರಲ್ಲ. ಹಾಗಾಗಿ ಸಂಭಾಷಣೆಗಿಂತ ನಡಿಗೆ, ಕೂರುವ ರೀತಿ, ಬಾಟಲಿ ಹಿಡಿಯುವ ಕೈ ಗಮನಿಸಿ. ಆ ನಿರಾಳ ಎಲ್ಲಿಂದ ಎಂಬುದಕ್ಕೆ ಉತ್ತರ ಸಿಗುವುದು ಕುರಿ ಮೇಯಿಸುವವರ ಜೊತೆ ಕೂತು ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುವಾಗ. ನೀವು ಬಿಟ್ಟಿದ್ದು ಅದಕ್ಕೂ ಮೊದಲೇ ಇರಬೇಕು. ಈ ಸಲ ಫೋನ್ ಪಕ್ಕದ ಕೋಣೆಯಲ್ಲಿಟ್ಟು, ವೇಗ ಹೆಚ್ಚಿಸದೆ, ಒಂದೇ ಸಲಕ್ಕೆ ಕೂತು ಪೂರ್ತಿ ನೋಡಿ.