ಘಟ್ಟ ಇಳಿಯುವಾಗ ಮೆತ್ತಗಾಗುವ ಹಿಂದಿನ ಬ್ರೇಕ್: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಬೆಳಗಾವಿಯಿಂದ ಜಾಂಬೋಟಿ ಮಾರ್ಗವಾಗಿ ಚೋರ್ಲಾ ಘಟ್ಟ ಇಳಿಯುವಾಗ ನಿಮ್ಮ ಸೈಕಲ್ಲಿನ ಹಿಂದಿನ ಶಿಮಾನೊ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್) ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ, ನಾಲ್ಕಾರು ಬಾರಿ ಒತ್ತಿದರೆ ಗಟ್ಟಿಯಾಗುತ್ತದೆ ಎಂದು ಬರೆದಿದ್ದೀರಿ. ಇದು ಬಹುಮಟ್ಟಿಗೆ ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿರುವ ಲಕ್ಷಣ. ಎಣ್ಣೆ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೀಗಾಗಿ ನೀವು ಲಿವರ್ ಎಳೆಯುವ ದೂರದ ಒಂದು ಪಾಲು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ತಲುಪುವ ಮೊದಲೇ ಗಾಳಿಯನ್ನು ಕುಗ್ಗಿಸುವುದರಲ್ಲಿ ಕಳೆದುಹೋಗುತ್ತದೆ. ಪಂಕ್ಚರ್ ತಿದ್ದಲು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ್ದರೆ, ಲಿವರಿನ ಎಣ್ಣೆ ತೊಟ್ಟಿಯಲ್ಲಿದ್ದ ಗಾಳಿ ಪೈಪಿಗೆ ಇಳಿದಿರುವ ಸಾಧ್ಯತೆಯೂ ಇದೆ.

ಬ್ಲೀಡ್ ಮಾಡಿಸುವ, ಅಂದರೆ ಪೈಪಿನಲ್ಲಿರುವ ಗಾಳಿಯನ್ನು ಹೊರತೆಗೆಸುವ ಮೊದಲು ಪ್ಯಾಡುಗಳನ್ನು ತೆಗೆದು ನೋಡಿ. ಶಿಮಾನೊ ಪ್ಯಾಡಿನ ಸವೆಯುವ ಪದರ 0.5 ಮಿ.ಮೀ.ಗೆ ಇಳಿದಿದ್ದರೆ ಬದಲಿಸಲೇಬೇಕು. ಚಕ್ರ ಕಳಚಿರುವಾಗ ಲಿವರ್ ಒತ್ತಬೇಡಿ, ಪಿಸ್ಟನ್‌ಗಳು ಮುಂದೆ ಬಂದುಬಿಡುತ್ತವೆ. ಕ್ಯಾಲಿಪರ್ (ಪಿಸ್ಟನ್ ಮತ್ತು ಪ್ಯಾಡುಗಳಿರುವ ಭಾಗ) ಮತ್ತು ಪೈಪಿನ ಜೋಡಣೆಗಳ ಬಳಿ ಎಣ್ಣೆಯ ಪಸೆ ಕಂಡರೆ, ಆ ಸೋರಿಕೆಯನ್ನು ಸರಿಪಡಿಸದೆ ಮಾಡುವ ಬ್ಲೀಡ್ ಉಳಿಯುವುದಿಲ್ಲ.

ಎಣ್ಣೆಯ ವಿಷಯದಲ್ಲಿ ದಯವಿಟ್ಟು ಯಾರ ಮಾತಿಗೂ ಒಪ್ಪಬೇಡಿ: ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ ಹಾಕಬೇಕು, ಮೋಟಾರ್ ಸೈಕಲ್ಲಿನ ಬ್ರೇಕಿಗೆ ಹಾಕುವ ಡಾಟ್ (DOT) ದ್ರವ ಅದರ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಬ್ಲೀಡ್ ಆದ ನಂತರವೂ ಉದ್ದ ಇಳಿಜಾರಿನಲ್ಲಷ್ಟೇ ತೊಂದರೆ ಮರುಕಳಿಸಿದರೆ ಬಿಸಿಯೇ ಕಾರಣವಿರಬಹುದು. ಆಗ ಬ್ರೇಕನ್ನು ಸತತವಾಗಿ ಹಿಡಿದಿಡದೆ, ತಿರುವಿಗೆ ಮುನ್ನ ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದು ಬಿಡಿ. ಲಿವರ್ ಗಟ್ಟಿಯಾಗುವವರೆಗೆ ಘಟ್ಟಕ್ಕೆ ಹೋಗಬೇಡಿ.